ಜನ ಹೆಚ್ಚಿಸಿದರೆ ರಿಲೀಸ್ ಬೇಗ ಆಗಲ್ಲ

ಪುಣೆಯ ಹಿಂಜವಡಿ, ಖರಾಡಿ ಕಡೆಯ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹೊಸದಾಗಿ ತಂಡದ ಲೀಡ್ ಆದ ನಮ್ಮ ಕನ್ನಡದ ಹುಡುಗ ಹುಡುಗಿಯರಿಗೆ ಇದನ್ನು ಹೇಳಲೇಬೇಕು ಅನ್ನಿಸಿತು.

ಕೆಲಸ ತಡವಾಗುತ್ತಿದೆ ಅಂದ ಕೂಡಲೇ "ಇನ್ನೂ ನಾಲ್ಕು ಜನರನ್ನು ಹಾಕೋಣ" ಅಂತ ಮೇಲಿನಿಂದ ಮಾತು ಬರುತ್ತದೆ. ಲೆಕ್ಕ ಹಾಕಿ ನೋಡಿ. 5 ಜನರ ತಂಡದಲ್ಲಿ ಮಾತಾಡಿಕೊಳ್ಳಬೇಕಾದ ಜೋಡಿಗಳು 10. 9 ಜನರಾದರೆ 36! ಹೊಸಬರಿಗೆ ಕೋಡ್ ಅರ್ಥ ಮಾಡಿಸಬೇಕಾದವರೂ ಆ ಹಳೆಯ ಐವರೇ. ಅವರ ಕೆಲಸ ಅಲ್ಲೇ ನಿಲ್ಲುತ್ತದೆ, ಮೊದಲ ಕೆಲವು ವಾರ ವೇಗ ಇಳಿಯುತ್ತದೆ. ರಿಲೀಸ್‌ಗೆ ಮೂರೇ ವಾರ ಉಳಿದಿದ್ದರೆ ಜನರನ್ನು ಕೇಳಬೇಡಿ, ಫೀಚರ್ ಕಡಿಮೆ ಮಾಡಿಸಿ. ಅದನ್ನೂ ಕ್ಲೈಂಟ್‌ಗೆ ಇವತ್ತೇ ಹೇಳಿ. ಕೊನೆಯ ದಿನ ಹೇಳಿದರೆ ಯಾರೂ ಒಪ್ಪಲ್ಲ, ಒಪ್ಪಬೇಕಾಗಿಯೂ ಇಲ್ಲ.

"90 ಪರ್ಸೆಂಟ್ ಆಗಿದೆ" ಅನ್ನುವುದನ್ನು ನಂಬಲೇಬೇಡಿ. ಹಣ ಕಟ್ಟುವ ಪುಟವನ್ನೇ ತಗೊಳ್ಳಿ. ಎಲ್ಲ ಸರಿಯಾಗಿ ನಡೆಯುವ ದಾರಿಯನ್ನು ಬರೆಯುವುದು ಸುಲಭ. ಬಟನ್ ಎರಡು ಸಲ ಒತ್ತಿದರೆ? ಖಾತೆಯಿಂದ ಹಣ ಕಡಿತವಾಗಿ, ಬ್ಯಾಂಕಿನ ಉತ್ತರ ಬರುವ ಮೊದಲೇ ನೆಟ್ ಹೋದರೆ? ಸಮಯ ತಿನ್ನುವುದೆಲ್ಲ ಇಲ್ಲೇ. ಅದಕ್ಕೇ ಪರ್ಸೆಂಟ್ ಬಿಟ್ಟು, ರಿವ್ಯೂ ಮುಗಿದು, ಟೆಸ್ಟ್ ಪಾಸಾಗಿ, ಸ್ಟೇಜಿಂಗ್‌ನಲ್ಲಿ (ರಿಲೀಸ್‌ಗೆ ಮೊದಲು ಪರೀಕ್ಷಿಸುವ ಸರ್ವರ್‌ನಲ್ಲಿ) ಓಡುತ್ತಿರುವುದನ್ನು ಮಾತ್ರ "ಆಯ್ತು" ಅಂತ ಎಣಿಸಿ. ಒಂದು ಕೆಲಸ ಎರಡು ಮೂರು ದಿನಕ್ಕಿಂತ ದೊಡ್ಡದಿದ್ದರೆ ಒಡೆಯಿರಿ.

ಹಾಗೇ, ಒಂದು ತಂಡದ ಸ್ಟೋರಿ ಪಾಯಿಂಟನ್ನು (ಕೆಲಸ ಎಷ್ಟು ದೊಡ್ಡದು ಅಂತ ತಂಡವೇ ಅಂದಾಜಿನಲ್ಲಿ ಕೊಡುವ ಅಂಕ) ಇನ್ನೊಂದು ತಂಡದ್ದರ ಪಕ್ಕ ಇಟ್ಟು ಅಳೆಯಬೇಡಿ. ಅಳೆದರೆ ಮುಂದಿನ ಸ್ಪ್ರಿಂಟ್‌ನಲ್ಲಿ (ಒಂದೆರಡು ವಾರದ ಕೆಲಸದ ಸುತ್ತಿನಲ್ಲಿ) 3 ಪಾಯಿಂಟ್ ಇದ್ದದ್ದು 5 ಆಗುತ್ತದೆ, ಕೆಲಸ ಅಷ್ಟೇ ಇರುತ್ತದೆ.