ಬಟವಾಡಿ ಸೇತುವೆ ಕೆಳಗಿನ ನೆರಳು

ರಾತ್ರಿ ಹೊತ್ತು ಸೇತುವೆ ಫೋಟೊ ಅಂದರೆ ಎಲ್ಲರೂ ತೆಗೆಯುವುದು ಒಂದನ್ನೇ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 100; ಲೆನ್ಸಿನ ಕಿಂಡಿ ಕಿರಿದಾಗಿಸಿ ಎಫ್/11; 20 ಸೆಕೆಂಡ್ ಷಟರ್ ತೆರೆದಿಡುವುದು. ಹೋಗುವ ಗಾಡಿಗಳದು ಕೆಂಪು ಗೆರೆ, ಬರುವವುಗಳದು ಬಿಳಿ ಗೆರೆ, ಬೀದಿದೀಪಕ್ಕೆ ನಕ್ಷತ್ರದ ಮುಳ್ಳು. ನಾನೂ ಬೇಕಾದಷ್ಟು ತೆಗೆದಿದ್ದೇನೆ. ಚೆನ್ನಾಗಿಯೇ ಬರುತ್ತವೆ, ಆದರೆ ಊರು ಯಾವುದೆಂದು ಗೊತ್ತಾಗುವುದಿಲ್ಲ. ಅಷ್ಟು ಹೊತ್ತು ತೆರೆದಿಟ್ಟರೆ ನಡೆದು ಹೋಗುವವರು ಚಿತ್ರದಲ್ಲಿ ಉಳಿಯುವುದೇ ಇಲ್ಲ. ಓಡಾಡುವ ನೆರಳಿನ ಗತಿಯೂ ಅಷ್ಟೇ.

ಹೋದ ಬೇಸಿಗೆಯಲ್ಲಿ ನೆರಳಿಗೆಂದೇ ತುಮಕೂರಿನ ಬಟವಾಡಿ ಫ್ಲೈಓವರ್ ಕೆಳಗೆ ಹೋದೆ. ಮೇಲೆ ಹೆದ್ದಾರಿ 48. ಪುಣೆ ಕಡೆಯ ಲಾರಿಗಳು ಬಿಡುವಿಲ್ಲದೆ ಓಡುವ ಜಾಗ. ಅಲ್ಲಿ ನಿಲ್ಲುವುದು ಅಪಾಯ, ಸಾಲದ್ದಕ್ಕೆ ಲೋಡ್ ಗಾಡಿ ಹೋದಾಗೆಲ್ಲ ಟ್ರೈಪಾಡ್ ಅದುರುತ್ತದೆ.

ಕೆಳಗೆ ಟ್ರೈಪಾಡ್ ಬಿಚ್ಚಿದ್ದೇ ತಡ, ಎಗ್‌ರೈಸ್ ಗಾಡಿಯವರು ಸೌಟು ಹಿಡಿದುಕೊಂಡೇ ಬಂದರು.

"ಏನ್ ಸಾ, ಸರ್ವೇನಾ? ಗಾಡಿ ಎತ್ತುಸ್ತಾರಾ?"

ನಮ್ಮೂರಲ್ಲಿ ಮೂರು ಕಾಲಿನ ಸ್ಟ್ಯಾಂಡ್ ಕಂಡರೆ ಜನಕ್ಕೆ ಮೊದಲು ನೆನಪಾಗುವುದು ರಸ್ತೆ ಅಗಲೀಕರಣ. ಫೋಟೊ ತೆಗೆಯೋಕೆ ಬಂದೆ ಅಂದೆ. "ಇಲ್ಲೇನೈತೆ ಸಾ ತೆಗ್ಯಕ್ಕೆ?" ಎಂದು ವಾಪಸ್ ಹೋಗಿ ಬಾಂಡಲಿ ಅಲ್ಲಾಡಿಸತೊಡಗಿದರು.

ಇದ್ದದ್ದು ಅವರ ಬೆನ್ನ ಹಿಂದೆಯೇ. ಸರ್ವಿಸ್ ರಸ್ತೆಯಲ್ಲಿ ಬಸ್ಸು ತಿರುಗಿದಾಗ ಹೆಡ್‌ಲೈಟ್ ಗಾಡಿಯ ಮೇಲೆ ಬಿದ್ದು, ಸೌಟು ಹಿಡಿದ ಆ ಕೈ ಸೇತುವೆ ಕಂಬದ ತುಂಬ ಏಳುತ್ತಿತ್ತು. ಬೆಳಕು ಹತ್ತಿರವಾದಷ್ಟೂ ನೆರಳು ಹಿಗ್ಗುತ್ತದೆ; ಬಸ್ಸು ಬಲಕ್ಕೆ ಸರಿದರೆ ಅದು ಎಡಕ್ಕೆ ಓಡುತ್ತದೆ. ಬಾಂಡಲಿಯಿಂದೇಳುವ ಹಬೆಗೂ ತೆಳ್ಳನೆಯ ನೆರಳಿತ್ತು, ಅದನ್ನು ಅಲ್ಲಿಯವರೆಗೆ ನಾನು ಗಮನಿಸಿಯೇ ಇರಲಿಲ್ಲ. ಟ್ರೈಪಾಡ್ ಮಡಚಿ ಬದಿಗಿಟ್ಟೆ. ನೆರಳು ಕದಡದೆ ಸಿಗಲು ಷಟರ್ 1/125 ಸೆಕೆಂಡ್; ಬೆಳಕು ಸಾಲಲೆಂದು ಕಿಂಡಿ ಅಗಲಿಸಿ ಎಫ್/1.8, ಐಎಸ್‌ಒ 3200. ಬೆಳಗಿದ ಕಂಬಕ್ಕೆ ಮಾತ್ರ ಎಕ್ಸ್‌ಪೋಷರ್ (ಒಳಬಿಡುವ ಬೆಳಕಿನ ಪ್ರಮಾಣ) ಹೊಂದಿಸಿ ಉಳಿದದ್ದನ್ನು ಕಪ್ಪಾಗಲು ಬಿಟ್ಟೆ. ಐಎಸ್‌ಒ ಇಷ್ಟು ಏರಿಸಿದರೆ ಚಿತ್ರದಲ್ಲಿ ಕಾಳುಕಾಳು ಬರುತ್ತದೆ, ಬರಲಿ. ಒರಟು ಕಾಂಕ್ರೀಟಿಗೆ ಅದು ಒಪ್ಪುತ್ತದೆ ಕೂಡ.

ಕಾಯುವುದೇ ಕೆಲಸ. ಬಸ್ಸು ಬಂದಾಗ ಅವರು ಈರುಳ್ಳಿ ಹೆಚ್ಚುತ್ತಾ ಬಗ್ಗಿರುತ್ತಿದ್ದರು, ಸೌಟು ಎತ್ತಿದಾಗ ರಸ್ತೆ ಖಾಲಿ. ಎರಡೂ ಕೂಡಿಬಂದ ಒಂದನ್ನು ಸ್ಕ್ರೀನಿನಲ್ಲಿ ತೋರಿಸಿದೆ.

"ಚೆನ್ನಾಗೈತೆ. ಮುಖ ಎಲ್ಲಿ ಸಾ?"

ಬಲ್ಬಿನ ಬೆಳಕಲ್ಲಿ ಮುಖದ್ದೂ ಒಂದು ತೆಗೆದು ವಾಟ್ಸಾಪ್ ಮಾಡಿದೆ. ಅವರ ಡಿಪಿಯಲ್ಲಿ ಈಗಿರುವುದು ಅದೇ.