ಸವಾರನಿಲ್ಲದ ಕುದುರೆ

ಮೊನ್ನೆ ಶನಿವಾರ ಪಕ್ಕದ ಮನೆಯ ಅಜ್ಜಿ ಕಾಫಿಗೆ ಬಂದಿದ್ದರು. ಇಲ್ಲಿ ಅಮೆರಿಕದ ರೆನೋ ಊರಂಚಿನ ಗುಡ್ಡಗಳಲ್ಲಿ ಅಲೆದು ಕಾಡುಕುದುರೆಗಳ ಚಿತ್ರ ಬರೆಯುವವರು. ನಮ್ಮ ಹಜಾರದಲ್ಲಿರುವ ದರಿಯಾ ದೌಲತ್ ಭಿತ್ತಿಚಿತ್ರದ ಪಟದ ಮುಂದೆ ಮಗಳು ಅವರನ್ನು ನಿಲ್ಲಿಸಿ, "ನಿಮ್ಮ ಕುದುರೆ ಮೇಲೆ ಯಾರೂ ಇರಲ್ಲ. ನಮ್ಮ ಕುದುರೆ ಮೇಲೆ ಯಾರಾದ್ರೂ ಕೂತೇ ಇರ್ತಾರೆ" ಅಂದಳು. ಎಂಟು ವರ್ಷದವಳು. ನನಗೆ ಚುರುಕ್ಕೆಂದಿತು.

ನಾನು ಶ್ರೀರಂಗಪಟ್ಟಣದ ಗಂಜಾಂನವಳು. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಅರಮನೆಯ ಪಶ್ಚಿಮದ ಗೋಡೆಯನ್ನು ನೋಡುತ್ತಲೇ ಬೆಳೆದವಳು. 1780ರ ಪೊಳ್ಳಿಲೂರು ಕಾಳಗ, ಹೈದರ್, ಟಿಪ್ಪು, ಪಲ್ಲಕ್ಕಿಯೊಳಗೆ ಬೆರಳು ಕಚ್ಚುತ್ತ ಕೂತ ಇಂಗ್ಲಿಷ್ ಸೇನಾಧಿಕಾರಿ ಬೈಲಿ, ಎಲ್ಲರನ್ನೂ ಬಂದವರಿಗೆ ಹೆಮ್ಮೆಯಿಂದ ತೋರಿಸುತ್ತೇನೆ. ಸಾಲುಗಟ್ಟಿ ನಿಂತ ಅಷ್ಟೊಂದು ಕುದುರೆಗಳ ಬಗ್ಗೆ ಇದುವರೆಗೆ ಒಂದು ಮಾತೂ ಆಡಿರಲಿಲ್ಲ.

ಅಜ್ಜಿಯ ಚಿತ್ರಗಳಲ್ಲಿ ಹೊಳಪಿನ ಮೈ ಇಲ್ಲ. ಚಳಿಗಾಲಕ್ಕೆ ಕಂಬಳಿಯ ಹಾಗೆ ದಟ್ಟವಾದ ರೋಮ, ಸಿಕ್ಕುಗಟ್ಟಿದ ಅಯಾಲು, ಗಂಡಿನ ಕುತ್ತಿಗೆಯಲ್ಲಿ ಕಾದಾಡಿದ ಹಲ್ಲಿನ ಗುರುತು. ಗಂಡನ್ನೇ ಮುಂದೆ ಬರೆಯುವ ಕಲಾವಿದರ ಮೇಲೆ ಅವರಿಗೆ ಸಿಟ್ಟು. ಹಿಂಡು ಓಡುವಾಗ ಮುಂದಿರುವುದು ಸಾಮಾನ್ಯವಾಗಿ ಹಿರಿಯ ಹೆಣ್ಣು, ಗಂಡು ಹಿಂದಿನಿಂದ ಅಟ್ಟಿಕೊಂಡು ಬರುತ್ತದಂತೆ.

"ಇವೂ ಹುಟ್ಟಾ ಕಾಡಿನವಲ್ಲ," ಎಂದು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಇಲ್ಲಿನ ಮೂಲ ಕುದುರೆಗಳು ಸುಮಾರು ಹತ್ತು ಸಾವಿರ ವರ್ಷದ ಹಿಂದೆಯೇ ಅಳಿದವು. 16ನೇ ಶತಮಾನದಲ್ಲಿ ಸ್ಪೇನಿನವರು ಹಡಗಿನಲ್ಲಿ ತಂದವೂ, ಆಮೇಲೆ ದೊಡ್ಡಿಗಳಿಂದ ತಪ್ಪಿಸಿಕೊಂಡವೂ ಸೇರಿ ಬೆಳೆದ ಸಂತಾನ ಇದು. 1971ರಲ್ಲಿ ರಕ್ಷಣೆಗೆ ಕಾನೂನು ಬಂತು. ಆದರೂ ಸಂಖ್ಯೆ ಹೆಚ್ಚಾಯಿತೆಂದು ಹೆಲಿಕಾಪ್ಟರ್‌ನಿಂದ ಅಟ್ಟಿ ಹಿಡಿಯುವುದುಂಟು. ಅದನ್ನು ಹೇಳುವಾಗ ಅವರ ದನಿ ಇಳಿಯಿತು.

"ನೀನು ನೋಡೇ ಇಲ್ವಾ ಅಮ್ಮಾ, ಸುಮ್ನೆ ಇರೋ ಕುದುರೇನ?" ಮಗಳು ಬಿಡಲಿಲ್ಲ.

ನೋಡಿದ್ದೆ. ನಮ್ಮ ಬೀದಿಯ ಜಟಕಾದ ಕುದುರೆ. ಹಗಲೆಲ್ಲ ಕಣ್ಣಪಟ್ಟಿ ಕಟ್ಟಿಸಿಕೊಂಡು ಸ್ಟೇಷನ್ನಿಂದ ನಿಮಿಷಾಂಬ ಗುಡಿಗೆ ಜನರನ್ನು ಎಳೆಯುತ್ತಿತ್ತು. ಚಾಟಿಯೇಟು ನಮಗೆ ಮಕ್ಕಳಿಗೆ ಆಟವಾಗಿತ್ತು. ನಾವೂ ಜೊತೆಗೆ ಕೂಗುತ್ತಿದ್ದೆವು. ಈಗ ನೆನೆದರೆ ಮೈ ಕುಗ್ಗುತ್ತದೆ. ಸಂಜೆ ಗಾಡಿಯವನು ನೊಗ ಬಿಚ್ಚಿ ಹೊಳೆದಂಡೆಗೆ ಬಿಟ್ಟರೆ ಅದು ಮರಳಲ್ಲಿ ದೊಪ್ಪನೆ ಬಿದ್ದು, ನಾಲ್ಕೂ ಕಾಲು ಮೇಲೆ ಮಾಡಿ ಹೊರಳಾಡುತ್ತಿತ್ತು. ಎದ್ದು ಮೈ ಕೊಡವಿದರೆ ಮರಳೆಲ್ಲ ಇಳಿಬಿಸಿಲಲ್ಲಿ ಹೊಗೆಯ ಹಾಗೆ ಏಳುತ್ತಿತ್ತು.

ಅಜ್ಜಿ ಚೀಲದಿಂದ ಪೆನ್ಸಿಲ್ ತೆಗೆದರು. "ಬಣ್ಣ ಯಾವುದು?"

"ಕೆಂಚು," ಅಂದೆ. ಆಮೇಲೆ ಇನ್ನೊಂದು ನೆನಪಾಗಿ ಹೇಳಿದೆ: ಹೆಗಲ ಮೇಲೆ, ಪಟ್ಟಿ ಉಜ್ಜಿ ಗಾಯ ಮಾಯ್ದ ಕಡೆ ಮಾತ್ರ, ಕೂದಲು ಬೆಳ್ಳಗೆ ಬಂದಿತ್ತು.