ಅರಿಶಿನ ಹಚ್ಚಿದ ಬುರುಡೆ

ಮೈಸೂರು
ನವೆಂಬರ್ 2, 2025, ಭಾನುವಾರ

ಕೊನೆಗೂ ಟೀ ಶರ್ಟ್‌ಗಳು ಕೈಗೆ ಬಂದವು. ಹನ್ನೆರಡೂ ತಪ್ಪಾಗಿ.

ದೀಪಾವಳಿಗೇ ಬರಬೇಕಿತ್ತು. ಮಂಡಿ ಮೊಹಲ್ಲಾದ ಪ್ರಿಂಟಿಂಗ್ ಅಂಗಡಿಗೆ ಹೋದಾಗಲೆಲ್ಲ "ರಾಜ್ಯೋತ್ಸವ ಮುಗೀಲಿ ಮೇಡಂ" ಅನ್ನೋದೇ ಉತ್ತರ. ಅವರನ್ನೂ ಬೈಯುವಂತಿಲ್ಲ ಬಿಡಿ. ಅಕ್ಟೋಬರ್ ಕೊನೆ ಬಂತೆಂದರೆ ಆಟೋ ಸ್ಟ್ಯಾಂಡಿನವರಿಂದ ಹಿಡಿದು ಆಫೀಸಿನವರವರೆಗೆ ಎಲ್ಲರಿಗೂ ಹಳದಿ ಕೆಂಪು ಟೀ ಶರ್ಟ್ ಬೇಕು. ಅದರ ನಡುವೆ ಹನ್ನೆರಡು ಬುರುಡೆ ಪ್ರಿಂಟ್ ಹಾಕಿಕೊಡಿ ಅಂದರೆ ಯಾರು ಕೇಳುತ್ತಾರೆ?

ಇವತ್ತು ಬೆಳಿಗ್ಗೆ ಅರ್ಧ ಶಟರ್ ಎತ್ತಿ ಕಟ್ಟು ಕೊಟ್ಟರು. ನಾನು ಹೇಳಿದ್ದು ಕಪ್ಪು ಬಟ್ಟೆ ಮೇಲೆ ಬಿಳಿ. ಬಂದಿರುವುದು ಹಳದಿ. ಕಪ್ಪಿನ ಮೇಲೆ ಹಳದಿ ಕೂರಬೇಕಾದರೆ ಮೊದಲು ಅಡಿಗೆ ಬಿಳಿ ಎಳೆಯಬೇಕು. ವಾರವಿಡೀ ಬಿಳಿ, ಹಳದಿ, ಬಿಳಿ, ಹಳದಿ ಅಂತ ಎಳೆದಿದ್ದ ಹುಡುಗ ಕೈ ತಡೆಯದೆ ನನ್ನದಕ್ಕೂ ಎಳೆದುಬಿಟ್ಟಿದ್ದಾನೆ. "ಎದ್ದು ಕಾಣುತ್ತೆ ನೋಡಿ ಮೇಡಂ" ಅಂತ ಅಂಗಡಿಯ ಅಣ್ಣ ಒಂದನ್ನು ಬಿಡಿಸಿ ಹಿಡಿದರು. ಸಿಟ್ಟು ಬಂತು. ಒಂದೊಂದಕ್ಕೂ 310 ರೂಪಾಯಿ ಕೊಟ್ಟಿದ್ದೇನೆ. ಆದರೆ ಎದ್ದು ಕಾಣುತ್ತಿದ್ದುದಂತೂ ನಿಜ.

ಬುರುಡೆ ಯಾಕೆ ಅಂತ ಆಫೀಸಿನಲ್ಲಿ ಕೇಳುತ್ತಾರೆ. ಮೆಟಲ್ ಕೇಳ್ತೀಯಾ? ಬುಲೆಟ್ ಇದೆಯಾ? ಎರಡೂ ಇಲ್ಲ. ನಾನು ಲೆಕ್ಕ ಬರೆಯುವವಳು, ಓಡಿಸುವುದು ಸ್ಕೂಟಿ.

ಶಾಲೆಯಲ್ಲಿ ನನ್ನ ಹೆಸರೇ ಬುರುಡೆ. ಬಿಡುತ್ತಿದ್ದುದು ಅಷ್ಟಿತ್ತು. ಅರಮನೆಯಿಂದ ಶ್ರೀರಂಗಪಟ್ಟಣಕ್ಕೆ ಸುರಂಗ ಇದೆ, ನಮ್ಮ ತಾತ ಅದರೊಳಗೆ ನಡೆದು ಹೋಗಿದ್ದರು ಅಂತ ಐದನೇ ಕ್ಲಾಸಿನಲ್ಲಿ ಹೇಳಿದ್ದೆ. ತಾತ ದಸರಾ ದೀಪ ನೋಡೋಕೂ ಮನೆಯಿಂದ ಹೊರಗೆ ಬಂದವರಲ್ಲ. ಪಿಯುಸಿ ಮುಗಿಯುವವರೆಗೂ ಕಾರಿಡಾರಿನಲ್ಲಿ ಯಾರಾದರೂ "ಏಯ್ ಬುರುಡೆ" ಅಂದರೆ ಹೊಟ್ಟೆ ಚುರ್ ಅನ್ನುತ್ತಿತ್ತು. ಈಗ ನಾನೇ ಎದೆ ಮೇಲೆ ಹಾಕಿಸಿಕೊಂಡಿದ್ದೇನೆ. ಕೂಗಿ ನೋಡೋಣ.

ಚಿತ್ರ ಕಲಿತದ್ದು ನಮ್ಮ ಬೀದಿ ಮೂಲೆಯ ಟ್ರಾನ್ಸ್‌ಫಾರ್ಮರ್ ನೋಡಿ. ಶಾಲೆಯ ಆಟೋ ಬರುವವರೆಗೆ ಅದರ ಎದುರೇ ನಿಲ್ಲಬೇಕಿತ್ತು. ಕೆಂಪು ಬಣ್ಣದಲ್ಲಿ 'ಅಪಾಯ', 11000 ವೋಲ್ಟ್, ಬುರುಡೆ, ಅಡ್ಡಡ್ಡ ಎರಡು ಎಲುಬು. ನಿಜವಾದ ತಲೆಬುರುಡೆಯಲ್ಲಿ 22 ಮೂಳೆ ಇವೆ. ಮಿದುಳಿನ ಸುತ್ತ 8, ಮುಖಕ್ಕೆ 14. ಆ ಬೋರ್ಡ್ ಬರೆದವನಿಗೆ ಮೂರು ತೂತು, ಒಂದು ಸಾಲು ಹಲ್ಲು ಸಾಕಾಗಿತ್ತು. ನನಗೂ ಅಷ್ಟೇ. ಆದರೆ ನನ್ನ ಬುರುಡೆಯ ಮುಂದಿನ ಹಲ್ಲುಗಳ ನಡುವೆ ಸಂದಿ ಇದೆ, ನನ್ನ ಬಾಯಲ್ಲಿರುವಷ್ಟೇ. ಅರಸು ರಸ್ತೆಯಲ್ಲಿ ಕೊಂಡ ಬುರುಡೆ ಟೀ ಶರ್ಟ್‌ಗಳೂ ಬೀರುವಿನಲ್ಲಿವೆ. ಎಲ್ಲವೂ ಈಗಷ್ಟೇ ಹಲ್ಲಿಗೆ ಕ್ಲಿಪ್ ಬಿಚ್ಚಿಸಿಕೊಂಡು ಬಂದ ಹಾಗೆ ನಗುತ್ತವೆ.

ಅಂದಹಾಗೆ ಇವತ್ತು ಮೆಕ್ಸಿಕೋದಲ್ಲಿ ಸತ್ತವರ ಹಬ್ಬ. ಸಕ್ಕರೆಯಲ್ಲೂ ಬುರುಡೆ ಮಾಡುತ್ತಾರೆ. ದೊಡ್ಡ ಹ್ಯಾಟ್ ಹಾಕಿದ ಬುರುಡೆ ಹೆಂಗಸಿನ ಚಿತ್ರ ಎಲ್ಲ ಕಡೆ ಕಾಣುತ್ತೆ ಅಲ್ವಾ, ಅವಳನ್ನು ಮೊದಲು ಕೆತ್ತಿದ್ದು ಪೊಸಾಡಾ ಅನ್ನುವವನು. ಬೀದಿಯಲ್ಲಿ ಮಾರುವ ಅಗ್ಗದ ಹಾಳೆಗಳಿಗೆ ಚಿತ್ರ ಮಾಡಿಕೊಡುತ್ತಿದ್ದ, 1913ರಲ್ಲಿ ಬಡವನಾಗಿಯೇ ತೀರಿಕೊಂಡ. ಅವನು ಮಾಡಿದ್ದು ತಲೆ, ಹ್ಯಾಟ್ ಅಷ್ಟೇ. ಉದ್ದನೆಯ ಉಡುಪನ್ನೆಲ್ಲ ಆಮೇಲೆ ಡಿಯೆಗೋ ರಿವೇರಾ ತನ್ನ ಗೋಡೆ ಚಿತ್ರದಲ್ಲಿ ತೊಡಿಸಿದ. ಪೊಸಾಡಾ ಅವಳನ್ನು ಮಾಡಿದ್ದು ಯುರೋಪಿನವರ ಥರ ಕಾಣೋಕೆ ಒದ್ದಾಡುತ್ತಿದ್ದವರನ್ನು ಅಣಕಿಸೋಕೆ. ಈಗ ನೋಡಿದರೆ ದೇಶವೇ ಅವಳ ವೇಷ ಹಾಕಿಕೊಂಡು ಮೆರವಣಿಗೆ ಹೋಗುತ್ತೆ. ಇದನ್ನು ಓದಿದ ದಿನ ರಾತ್ರಿಯೇ ನನ್ನ ಬುರುಡೆಗೂ ಕಿವಿ ಪಕ್ಕ ಒಂದು ಮೊಳ ಮಲ್ಲಿಗೆ ಸೇರಿಸಿದ್ದೆ.

ಸಂಜೆ ಹಾಕಿಕೊಂಡು ಹಾಲ್‌ಗೆ ಬಂದೆ.

"ದೀಪ ಹಚ್ಚೋ ಹೊತ್ತಲ್ಲಿ ಏನೇ ಇದು ಅಪಶಕುನ?" ಅಂದರು ಅಮ್ಮ.

"ಕಾಳಿ ಕೊರಳಲ್ಲಿ ರುಂಡಮಾಲೆನೇ ಇದೆಯಲ್ಲಮ್ಮ."

"ಅವಳು ಕಾಳಿ. ನೀನು ಅಕೌಂಟ್ಸು."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. "ಅರಿಶಿನ ಹಚ್ಚಿದ ಹಾಗಿದೆ. ಹೂವೂ ಇದೆ. ಹೋಗಲಿ," ಅಂದರು. ಹಲ್ಲಿನ ಸಂದಿಯನ್ನೂ ನೋಡಿದರು, ಏನೂ ಹೇಳಲಿಲ್ಲ. ಅದು ಅವರಿಂದಲೇ ಬಂದದ್ದು.

ಉಳಿದ ಹನ್ನೊಂದನ್ನು ಇಂಕಿನ ವಾಸನೆ ಹೋಗಲಿ ಅಂತ ಮಧ್ಯಾಹ್ನವೇ ತಾರಸಿಯ ತಂತಿ ಮೇಲೆ ಹರವಿದ್ದೆ. ರಸ್ತೆ ಕಡೆಗೆ ಮುಖ ಮಾಡಿ, ಸಾಲಾಗಿ. ಎದುರು ಮನೆ ಆಂಟಿ ಈಗಷ್ಟೇ ಫೋನ್ ಮಾಡಿ ಅಮ್ಮನನ್ನು ಕೇಳಿದರಂತೆ: "ಮನೆಗೆ ಅಷ್ಟೊಂದು ದೃಷ್ಟಿ ಬಿದ್ದಿದೆಯೇನ್ರೀ?"